ವೇದಿಕೆಯ ಲಯ, ಮುದ್ರಿಕೆಯ ಚರಿತ್ರೆ: ಯೂರೋಪಿನ ಪ್ರೊಗ್ರೆಸಿವ್ ರಾಕ್ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್

ಸಂಗೀತದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಸ್ಟುಡಿಯೊದಲ್ಲಿ ತಯಾರಾದ ಧ್ವನಿಮುದ್ರಿಕೆಗಳನ್ನೇ ಮುಖ್ಯ ಆಕರವೆಂದು ಹಿಡಿಯುತ್ತಾರೆ. ಸಭೆಯ ಎದುರು ನುಡಿಸಿದ್ದನ್ನು ಅಲ್ಲೇ ಹಿಡಿದಿಟ್ಟ ನೇರ ಮುದ್ರಣಗಳು ಅಡಿಟಿಪ್ಪಣಿಯಲ್ಲಿ ಉಳಿದುಬಿಡುತ್ತವೆ. ಕರ್ನಾಟಕದ ಲಯವಾದ್ಯಗಾರರು 1970–90ರ ನಡುವೆ ಯೂರೋಪಿನ ಪ್ರೊಗ್ರೆಸಿವ್ ರಾಕ್ ಮತ್ತು ಜಾಜ್ ಕಲಾವಿದರ ಜೊತೆ ನಡೆಸಿದ ಸಂವಾದವನ್ನು ಅರಿಯಲು ನೇರ ಮುದ್ರಣಗಳೇ ಹೆಚ್ಚು ನಂಬಿಕೆಗೆ ಅರ್ಹವಾದ ದಾಖಲೆ ಎಂಬುದು ಈ ಲೇಖನದ ವಾದ.

ಫಿನ್ಲೆಂಡಿನ ನಿದರ್ಶನ

ನೇರ ಮುದ್ರಣ ಏನನ್ನು ಉಳಿಸಬಲ್ಲದು ಎಂಬುದಕ್ಕೆ ಮೊದಲು ಯೂರೋಪಿನದೇ ಒಂದು ಉದಾಹರಣೆ ನೋಡೋಣ. 1968ರಲ್ಲಿ ಹುಟ್ಟಿದ ವಿಗ್‌ವ್ಯಾಮ್ ಫಿನ್ಲೆಂಡಿನ ಪ್ರೊಗ್ರೆಸಿವ್ ರಾಕ್ ತಂಡಗಳಲ್ಲಿ ಪ್ರಮುಖವಾದದ್ದು. ಲವ್ ರೆಕಾರ್ಡ್ಸ್ ಸಂಸ್ಥೆ 1975ರಲ್ಲಿ ಈ ತಂಡದ ‘ಲೈವ್ ಮ್ಯೂಸಿಕ್ ಫ್ರಮ್ ದ ಟ್ವೈಲೈಟ್ ಝೋನ್’ ಎಂಬ ಜೋಡಿ ಎಲ್‌ಪಿಯನ್ನು ಹೊರತಂದಿತು. ಅದು ಅಂಗಡಿಗೆ ಬರುವ ಹೊತ್ತಿಗೆ ಕೀಬೋರ್ಡಿನ ಯುಕ್ಕ ಗುಸ್ತಾವ್‌ಸನ್ ಮತ್ತು ಬಾಸ್ ಗಿಟಾರಿನ ಪೆಕ್ಕ ಪೊಹ್ಯೊಲ ತಂಡವನ್ನು ಬಿಟ್ಟಾಗಿತ್ತು. ಅದೇ ವರ್ಷ ಹೊಸ ಸದಸ್ಯರೊಂದಿಗೆ ‘ನ್ಯೂಕ್ಲಿಯರ್ ನೈಟ್‌ಕ್ಲಬ್’ ಬಂತು. ಅದರ ಧಾಟಿಯೇ ಬೇರೆ. ಹಳೆಯ ತಂಡ ವೇದಿಕೆಯಲ್ಲಿ ಹೇಗೆ ನುಡಿಸುತ್ತಿತ್ತು, ಎಲ್ಲಿ ಲಂಬಿಸುತ್ತಿತ್ತು, ಎಲ್ಲಿ ಕೃತಿಯ ಚೌಕಟ್ಟನ್ನು ಬಿಟ್ಟು ಹೊರಡುತ್ತಿತ್ತು ಎಂಬುದಕ್ಕೆ ಆ ಜೋಡಿ ಎಲ್‌ಪಿ ಇಂದಿಗೂ ಸಾಕ್ಷಿ ಹೇಳುತ್ತದೆ. 1979ರಲ್ಲಿ ಲವ್ ರೆಕಾರ್ಡ್ಸ್ ದಿವಾಳಿಯಾಯಿತು, ಮುದ್ರಣ ಉಳಿಯಿತು.

ಈ ನೆಲದ ಹಿನ್ನೆಲೆ

ಕರ್ನಾಟಕದ ವಿಷಯಕ್ಕೆ ಬಂದರೆ, ಪಾಶ್ಚಾತ್ಯ ಸಂಗೀತಕ್ಕೆ ನಮ್ಮ ಕಿವಿ ಪಳಗಿದ್ದು ರಾಕ್ ಬಂದ ಮೇಲಲ್ಲ. ಬೆಂಗಳೂರಿನ ದಂಡು ಪ್ರದೇಶದಷ್ಟೇ ಗಮನಾರ್ಹವಾದ ಇನ್ನೊಂದು ನೆಲೆ ಕೋಲಾರ ಚಿನ್ನದ ಗಣಿ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕೈಗೆ ಬಂದ ಈ ಗಣಿಗೆ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 1894ರಲ್ಲಿ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ವಿದ್ಯುತ್ ತಂದರು. ಇಂಗ್ಲಿಷ್ ಅಧಿಕಾರಿಗಳು, ಆಂಗ್ಲೋ-ಇಂಡಿಯನ್ ಕುಟುಂಬಗಳು, ತಮಿಳು–ತೆಲುಗು ಕಾರ್ಮಿಕರು ಒಂದೇ ಊರಿನಲ್ಲಿ ಬಾಳಿದ್ದರಿಂದ ಚರ್ಚಿನ ವೃಂದಗಾಯನ, ಕ್ಲಬ್ಬಿನ ನೃತ್ಯಸಂಗೀತ, ಕಾರ್ಮಿಕರ ಲೈನುಗಳ ಭಜನೆ ಮತ್ತು ತಮಟೆ ಅಕ್ಕಪಕ್ಕದಲ್ಲೇ ಬೆಳೆದವು. ಭಿನ್ನ ನಾದಗಳು ಒಂದೇ ಬೀದಿಯಲ್ಲಿ ಕೇಳಿಬರುವ ಇಂಥ ಬದುಕು ಹಳೆಯ ಮೈಸೂರು ಸೀಮೆಗೆ ಹೊಸದಾಗಿರಲಿಲ್ಲ ಎಂಬುದನ್ನು ಮುಂದಿನ ಬೆಳವಣಿಗೆಗಳನ್ನು ನೋಡುವಾಗ ನೆನಪಿಡಬೇಕು.

ಮ್ಯೂನಿಕ್‌–ಬೆಂಗಳೂರು

ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸ್ಥಾಪಿಸಿದರು. ಅವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ ಈ ಬಳಗದ ಇನ್ನೊಂದು ಆಧಾರ. ಅತ್ತ 1969ರಲ್ಲಿ ಕ್ರಿಸ್ಟಿಯಾನ್ ಬುರ್ಖಾರ್ಡ್ ಮ್ಯೂನಿಕ್‌ನಲ್ಲಿ ಎಂಬ್ರಿಯೊ ಎಂಬ ಪ್ರೊಗ್ರೆಸಿವ್ ರಾಕ್ ತಂಡ ಕಟ್ಟಿದರು. ಬಾಸ್ಟನ್‌ನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ 1970ರ ದಶಕದ ಆರಂಭದಲ್ಲಿ ಆ ತಂಡದಲ್ಲಿ ನುಡಿಸಿದವರು. ನಾಗಸ್ವರವನ್ನೂ ಶ್ರದ್ಧೆಯಿಂದ ಅಭ್ಯಾಸ ಮಾಡಿದವರು. 1978–79ರಲ್ಲಿ ಎಂಬ್ರಿಯೊ ತಂಡ ಅಫ್ಘಾನಿಸ್ತಾನದ ಮೂಲಕ ರಸ್ತೆಮಾರ್ಗವಾಗಿ ಭಾರತಕ್ಕೆ ಬಂತು. ದಾರಿಯುದ್ದಕ್ಕೂ ಸ್ಥಳೀಯ ಕಲಾವಿದರ ಜೊತೆ ನುಡಿಸಿದ್ದರ ಫಲ 1979ರ ‘ಎಂಬ್ರಿಯೊಸ್ ರೈಸೆ’ ಎಂಬ ಜೋಡಿ ಎಲ್‌ಪಿ. ಈ ತಂಡದಿಂದ ಹೊರಬಂದವರು ಕಟ್ಟಿದ ಡಿಸಿಡೆಂಟನ್, 1982ರ ‘ಜರ್ಮನಿಸ್ತಾನ್’ ಮುದ್ರಿಕೆಯಲ್ಲಿ ಮಣಿಯವರ ಬಳಗವನ್ನು ಜೊತೆಗೆ ಕೂರಿಸಿಕೊಂಡಿತು.

ಇಂಥ ಸಹವಾದನಕ್ಕೆ ಮೊದಲೇ ದಾರಿ ತೋರಿದ್ದು ಶಕ್ತಿ ಎಂಬ ಬಳಗ. 1975ರ ಜುಲೈ 5ರಂದು ನ್ಯೂಯಾರ್ಕ್ ರಾಜ್ಯದ ಸೌತ್ ಹ್ಯಾಂಪ್ಟನ್ ಕಾಲೇಜಿನಲ್ಲಿ ಜಾನ್ ಮೆಕ್‌ಲಾಫ್ಲಿನ್, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಮತ್ತು ರಾಮನಾಡ್ ರಾಘವನ್ ನಡೆಸಿದ ಕಛೇರಿಯೇ ಅವರ ಮೊದಲ ಮುದ್ರಿಕೆಯಾಯಿತು.

ಎರಡು ಮುದ್ರಿಕೆಗಳು

1983ರಲ್ಲಿ ಇಸಿಎಂ ಸಂಸ್ಥೆಗಾಗಿ ಮರಿಯಾನೊ ಮತ್ತು ಮಣಿಯವರ ಬಳಗ ಜರ್ಮನಿಯ ಲುಡ್‌ವಿಗ್ಸ್‌ಬರ್ಗ್‌ನಲ್ಲಿ ‘ಜ್ಯೋತಿ’ ಮುದ್ರಿಸಿತು. ರಮಾಮಣಿಯವರ ಗಾಯನ ಮತ್ತು ತಂಬೂರಿ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ ಅದರಲ್ಲಿವೆ. ಅದು ಸ್ಟುಡಿಯೊ ಕೆಲಸ: ಪ್ರತಿ ನಾದಕ್ಕೂ ಅದರದೇ ಜಾಗ, ಸುತ್ತ ಮೌನ. ಸುಮಾರು 1990ರಲ್ಲಿ ವೆರಾಬ್ರಾ ಸಂಸ್ಥೆ ಇದೇ ಕೂಟದ ‘ಲೈವ್’ ಮುದ್ರಿಕೆಯನ್ನು ಹೊರತಂದಿತು. ಎಲ್‌ಪಿಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು 20–25 ನಿಮಿಷ, ಸಿ.ಡಿ.ಯಲ್ಲಿ 74 ನಿಮಿಷದ ಅವಕಾಶವಿತ್ತು. ಲಯವಾದ್ಯಗಳಷ್ಟೇ ನುಡಿಸುವ ತನಿ ಆವರ್ತನಕ್ಕೆ ಇದು ಸಣ್ಣ ವಿಷಯವಲ್ಲ, ಏಕೆಂದರೆ ಅದರ ಜೀವವಿರುವುದೇ ಸಾವಕಾಶವಾಗಿ ಬೆಳೆಯುವುದರಲ್ಲಿ.

ಒಂದು ಮುಕ್ತಾಯದ ಲೆಕ್ಕ

ನೇರ ಮುದ್ರಣ ಏಕೆ ಮುಖ್ಯ ಎಂಬುದು ಒಂದು ಉದಾಹರಣೆಯಿಂದ ತಿಳಿಯುತ್ತದೆ. ಆದಿತಾಳದ ಒಂದು ಆವರ್ತಕ್ಕೆ ಚತುರಶ್ರ ಗತಿಯಲ್ಲಿ 32 ಮಾತ್ರೆ. ‘ತದಿಗಿಣತೊಂ’ ಎಂಬ ಐದು ಮಾತ್ರೆಯ ಸೊಲ್ಲನ್ನು ಮೂರು ಸಲ ನುಡಿಸಿದರೆ 15. ನಡುವಿನ ಎರಡು ಕಡೆ ಒಂದೊಂದು ಮಾತ್ರೆ ಬಿಟ್ಟರೆ ಒಟ್ಟು 17. ಹದಿನಾರನೆಯ ಮಾತ್ರೆಯಲ್ಲಿ ಹಿಡಿದರೆ ಮುಂದಿನ ಸಮಕ್ಕೆ, ಅಂದರೆ ಆವರ್ತದ ಮೊದಲ ಮಾತ್ರೆಗೆ, ಕರಾರುವಾಕ್ಕಾಗಿ ಬಂದು ಸೇರಬಹುದು. ಲೆಕ್ಕ ಎಲ್ಲರಿಗೂ ಒಂದೇ. ಎಲ್ಲಿ ಹಿಡಿಯಬೇಕು, ಎಷ್ಟು ಸಲ ತಿರುಗಿಸಬೇಕು, ಪಕ್ಕದ ಘಟಕ್ಕೆ ಯಾವಾಗ ಬಿಟ್ಟುಕೊಡಬೇಕು ಎಂಬ ತೀರ್ಮಾನ ಮಾತ್ರ ಆ ಹೊತ್ತಿನದು. ಬೇರೆ ಸಂಪ್ರದಾಯದಲ್ಲಿ ಪಳಗಿದ ಸ್ಯಾಕ್ಸೊಫೋನ್ ವಾದಕನೊಬ್ಬ ಎದುರಿಗಿದ್ದಾಗ ಈ ತೀರ್ಮಾನಗಳ ತೂಕ ಇನ್ನೂ ಹೆಚ್ಚು: ಅವನು ಸಮ ತಪ್ಪಿದರೆ ತಿದ್ದಿ ಮತ್ತೆ ನುಡಿಸಲು ವೇದಿಕೆಯಲ್ಲಿ ಅವಕಾಶವಿಲ್ಲ. ಹಾಗಾಗಿ ಎರಡು ಪದ್ಧತಿಗಳು ನಿಜಕ್ಕೂ ಒಂದನ್ನೊಂದು ಆಲಿಸಿದವೇ, ಸುಮ್ಮನೆ ಪಕ್ಕಪಕ್ಕ ಕುಳಿತವೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ನೇರ ಮುದ್ರಣದಲ್ಲೇ.

ಉಪಸಂಹಾರ

ಮರಿಯಾನೊ 2009ರಲ್ಲಿ, ಬುರ್ಖಾರ್ಡ್ 2018ರಲ್ಲಿ, ಮಣಿ 2020ರಲ್ಲಿ ತೀರಿಕೊಂಡರು. ಅವರು ಒಟ್ಟಾಗಿ ಮಾಡಿದ ಕೆಲಸದ ಮುಖ್ಯ ದಾಖಲೆಗಳು ಜರ್ಮನಿಯ ಕಂಪನಿಗಳ ಪಟ್ಟಿಯಲ್ಲಿವೆ. ನಮ್ಮ ನೆಲದ ಕಲಾವಿದರ ಸಾಧನೆಯನ್ನು ನಾವು ಹೊರಗಿನಿಂದ ತರಿಸಿ ಕೇಳಬೇಕಾದ ಸ್ಥಿತಿ ಇದು. ಕೋಲಾರದ ಸಂಗೀತದ ಸ್ಥಿತಿ ಇನ್ನೂ ನಾಜೂಕು: ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಬಳಿಕ ಅನೇಕ ಕುಟುಂಬಗಳು ಊರು ಬಿಟ್ಟವು. ಅಲ್ಲಿನ ಕ್ಲಬ್ಬು, ಚರ್ಚು, ಭಜನೆ ಮಂಡಳಿಗಳ ಸಂಗೀತವನ್ನು ಯಾರಾದರೂ ಟೇಪಿನಲ್ಲಿ ಹಿಡಿದಿಟ್ಟಿದ್ದರೆ ಆ ಟೇಪುಗಳಿಗೂ ವಯಸ್ಸಾಗಿದೆ. ಕಾಂತೀಯ ಪಟ್ಟಿಯ ಲೇಪನ ತೇವಕ್ಕೆ, ಬಿಸಿಲಿಗೆ ಹಾಳಾಗುತ್ತದೆ.

ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ ಮತ್ತು ಕೋಲಾರದಲ್ಲೇ ಇರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಸೇರಿ ನೇರ ಮುದ್ರಣಗಳ ಸಂಗ್ರಹವೊಂದನ್ನು ಆರಂಭಿಸಬೇಕು. ಪ್ರತಿ ಮುದ್ರಣದ ಜೊತೆಗೆ ದಿನಾಂಕ, ಸ್ಥಳ, ಕಲಾವಿದರ ಹೆಸರು, ರಾಗ–ತಾಳದ ವಿವರ ದಾಖಲಾಗಬೇಕು. ರಾಬರ್ಟ್‌ಸನ್‌ಪೇಟೆ, ಊರಿಗಾಂ, ಬಂಗಾರಪೇಟೆಯ ಮನೆಗಳಲ್ಲಿ ಹಳೆಯ ಕ್ಯಾಸೆಟ್ ಇಟ್ಟುಕೊಂಡಿರುವವರು ಅವನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಪ್ರತಿ ಮಾಡಿಸಿ, ಹಿಂಬದಿಯಲ್ಲಿ ಯಾರು ನುಡಿಸಿದ್ದಾರೆಂದು ಬರೆದಿಡಬೇಕೆಂದು ವಿನಂತಿ.