ಎಎಫ್‌ಸಿ ಕಪ್ 2016
ಏಷ್ಯಾದ ಕ್ಲಬ್‌ಗಳ ಫುಟ್‌ಬಾಲ್ ಟೂರ್ನಿಯಾದ ಎಎಫ್‌ಸಿ ಕಪ್‌ನ ಈ ಋತುವಿನಲ್ಲಿ ಬೆಂಗಳೂರು ಎಫ್‌ಸಿ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಅಷ್ಟು ದೂರ ಸಾಗಿರಲಿಲ್ಲ. ತಂಡ ಹುಟ್ಟಿದ್ದೇ 2013ರಲ್ಲಿ. ಆದರೆ ಊರಿನ ಕಾಲ್ಚೆಂಡಿನ ಬೇರು ಹಳೆಯದು: ದಂಡು ಪ್ರದೇಶದ ಮೈದಾನಗಳು, ಹಲಸೂರು ಬಳಿಯ ಗೌತಮಪುರದ ಬೀದಿಗಳು ಹಲವು ತಲೆಮಾರುಗಳ ಆಟಗಾರರನ್ನು ಬೆಳೆಸಿವೆ.

ಸೆಮಿಫೈನಲ್‌ನಲ್ಲಿ ಎದುರಾಳಿ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಅಲ್ಲಿ ನಡೆದ ಮೊದಲ ಪಂದ್ಯ 1-1 ಸಮ. ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಮೊದಲು ಗೋಲು ಬಿಟ್ಟುಕೊಟ್ಟರೂ ಸುನಿಲ್ ಚೆಟ್ರಿ ಎರಡು, ಹುವಾನನ್ ಒಂದು ಗೋಲು ಹೊಡೆದು 3-1ರಿಂದ ಗೆಲ್ಲಿಸಿದರು. ನಗರದ ಫುಟ್‌ಬಾಲ್ ಕಂಡ ಅತ್ಯುತ್ತಮ ಸಂಜೆಗಳಲ್ಲೊಂದು ಅದು. ಕೋಚ್ ಆಲ್ಬರ್ಟ್ ರೋಕಾ.

ನವೆಂಬರ್ 5ರಂದು ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕ್‌ನ ವಾಯುಪಡೆ ಕ್ಲಬ್ 1-0ರಿಂದ ಗೆದ್ದಿತು. 70ನೇ ನಿಮಿಷದ ಗೋಲು ಹಮ್ಮಾದಿ ಅಹ್ಮದ್ ಅವರದು.