ಮಿಸೌರಿಯಲ್ಲಿ ಮುಳುಗಿದ ಉಗಿದೋಣಿಗಳು: ಹೊಲದಡಿಯ ಇತಿಹಾಸ

ಉತ್ತರ ಅಮೆರಿಕ ಖಂಡದ ಅತಿ ಉದ್ದದ ನದಿ ಮಿಸೌರಿ. ಸುಮಾರು 3,770 ಕಿ.ಮೀ. ಹರಿದು ಸೇಂಟ್ ಲೂಯಿಸ್ ನಗರದ ಸಮೀಪ ಅದು ಮಿಸಿಸಿಪ್ಪಿಯನ್ನು ಸೇರುತ್ತದೆ. 1819ರಲ್ಲಿ 'ಇಂಡಿಪೆಂಡೆನ್ಸ್' ಎಂಬ ಉಗಿದೋಣಿ ಈ ನದಿಯನ್ನು ಮೊದಲು ಪ್ರವೇಶಿಸಿತು. 1860ರ ವೇಳೆಗೆ ದೋಣಿಗಳು ಇಂದಿನ ಮೊಂಟಾನಾ ರಾಜ್ಯದ ಫೋರ್ಟ್ ಬೆಂಟನ್‌ವರೆಗೂ ತಲುಪಿದ್ದವು. ರೈಲುಮಾರ್ಗ ಬಂದು ಜಲಸಾರಿಗೆಯನ್ನು ಮೂಲೆಗೆ ತಳ್ಳುವ ಹೊತ್ತಿಗೆ ಸುಮಾರು 300 ಉಗಿದೋಣಿಗಳು ಇಲ್ಲಿ ನಾಶವಾಗಿದ್ದವು. ಇವುಗಳ ಇತಿಹಾಸ ಹುಡುಕುವವರಿಗೆ ಎದುರಾಗುವ ಮೊದಲ ವಿಚಿತ್ರವೆಂದರೆ, ನದಿಯಲ್ಲಿ ಮುಳುಗಿದ ದೋಣಿಗಳಲ್ಲಿ ಹಲವು ಇಂದು ನದಿಯಲ್ಲಿಲ್ಲ; ಜೋಳದ ಹೊಲಗಳ ಕೆಳಗಿವೆ.

ಮರವೇ ಮೃತ್ಯು

ಬಾಯ್ಲರ್ ಸಿಡಿತವೇ ಉಗಿದೋಣಿಗಳ ಮುಖ್ಯ ಶತ್ರು ಎಂಬ ಭಾವನೆ ಸಾಮಾನ್ಯ. ಮಿಸೌರಿಯ ಮಟ್ಟಿಗೆ ಇದು ನಿಜವಲ್ಲ. ಇಲ್ಲಿ ಅರ್ಧಕ್ಕಿಂತ ಹೆಚ್ಚು ದೋಣಿಗಳನ್ನು ಬಲಿ ಪಡೆದದ್ದು ನೀರಡಿಯ ಮರದ ಬೊಡ್ಡೆಗಳು. ಮೆತ್ತನೆಯ ದಂಡೆ ಕುಸಿದಾಗ ಮರಗಳು ಬುಡಸಮೇತ ನೀರಿಗೆ ಬೀಳುತ್ತಿದ್ದವು. ಬೇರು ಕೆಸರಿನಲ್ಲಿ ಹೂತು, ಕಾಂಡದ ತುದಿ ಪ್ರವಾಹದ ದಿಕ್ಕಿಗೆ ಬಾಗಿ ನಿಲ್ಲುತ್ತಿತ್ತು. ಮೇಲ್ಮುಖವಾಗಿ ಬರುವ ದೋಣಿಗೆ ಅದು ನೆಟ್ಟ ಭರ್ಜಿಯಂತೆ. ಆಳವಿಲ್ಲದ ನೀರಿನಲ್ಲಿ ತೇಲಬೇಕೆಂದು ಹಗುರವಾಗಿ ಕಟ್ಟಿದ ಮರದ ಒಡಲು ಒಂದೇ ಹೊಡೆತಕ್ಕೆ ಬಿರಿಯುತ್ತಿತ್ತು. ಬೆಂಕಿ, ಹಿಮಗಡ್ಡೆ, ಸೇತುವೆಯ ಕಂಬ ಇವು ನಂತರದ ಕಾರಣಗಳು.

ಕಾಗದದ ಮೇಲಿನ ಹಡಗುಗಳು

ಈ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ಸೇನಾ ಇಂಜಿನಿಯರ್ ಹೈರಮ್ ಚಿಟೆಂಡನ್. ಅವರು 1897ರಲ್ಲಿ ಸರ್ಕಾರಕ್ಕಾಗಿ ಮಿಸೌರಿಯ ಅವಘಡಗಳ ಪಟ್ಟಿ ಸಿದ್ಧಪಡಿಸಿದರು. ವೃದ್ಧ ನಾವಿಕ ಜೋಸೆಫ್ ಲಾ ಬಾರ್ಜ್ ಅವರ ನೆನಪುಗಳನ್ನು ಆಧರಿಸಿ 1903ರಲ್ಲಿ ಆ ನದಿಯ ಆರಂಭಿಕ ಉಗಿದೋಣಿ ಸಂಚಾರದ ಇತಿಹಾಸವನ್ನೂ ಪ್ರಕಟಿಸಿದರು. 20ನೇ ಶತಮಾನದಲ್ಲಿ ಅಮೆರಿಕದ ಉಗಿನೌಕೆಗಳ ಕುರಿತು ವಿಲಿಯಂ ಲಿಟಲ್ ತಯಾರಿಸಿದ ಪಟ್ಟಿ ಮತ್ತು 1983ರಲ್ಲಿ ಬಂದ ಫ್ರೆಡರಿಕ್ ವೇ ಅವರ ಕೋಶ ಸಂಶೋಧಕರ ಕೈಪಿಡಿಗಳಾದವು.

ಪಟ್ಟಿ ಇದ್ದಮಾತ್ರಕ್ಕೆ ಸಮಸ್ಯೆ ಬಗೆಹರಿಯಲಿಲ್ಲ. ಒಂದೇ ಹೆಸರಿನ ಹಲವು ದೋಣಿಗಳಿದ್ದವು. 'ಸಂಪೂರ್ಣ ನಷ್ಟ' ಎಂದು ಪತ್ರಿಕೆ ಬರೆದ ದೋಣಿಯನ್ನು ಮೇಲೆತ್ತಿ ಮತ್ತೆ ಓಡಿಸಿದ್ದುಂಟು; ಮುಳುಗಿದ ದೋಣಿಯ ಯಂತ್ರವನ್ನು ಬಿಚ್ಚಿ ಹೊಸದಕ್ಕೆ ಜೋಡಿಸಿದ್ದೂ ಉಂಟು. ಸ್ಥಳವನ್ನು ಗುರುತಿಸುತ್ತಿದ್ದುದು ನದಿಯ ತಿರುವು, ದ್ವೀಪ, ಸೌದೆ ಕಟ್ಟೆ ಮುಂತಾದವುಗಳಿಂದ. ಆ ತಿರುವುಗಳೇ ಅಳಿದ ಮೇಲೆ ವಿಳಾಸಕ್ಕೆ ಅರ್ಥವೇನು?

ಉತ್ತರ ಸಿಗುವುದು ಹಳೆಯ ನಕ್ಷೆಗಳಲ್ಲಿ. ಸರ್ಕಾರ 1878ರಿಂದ 1881ರವರೆಗೆ ನದಿಯನ್ನು ವಿವರವಾಗಿ ಅಳೆಸಿತ್ತು. ಈ ನಕ್ಷೆಗಳನ್ನೂ ಅದಕ್ಕೂ ಹಿಂದಿನ ಭೂಮಾಪನ ನಕ್ಷೆಗಳನ್ನೂ ಇಂದಿನ ನಕ್ಷೆಯ ಮೇಲಿಟ್ಟು ನೋಡಿದರೆ ಅವಘಡದ ವರ್ಷದಲ್ಲಿ ನೀರು ಎಲ್ಲಿ ಹರಿಯುತ್ತಿತ್ತು ಎಂಬುದರ ಅಂದಾಜು ಸಿಗುತ್ತದೆ. ನಂತರ ಮ್ಯಾಗ್ನೆಟೋಮೀಟರ್ ಹಿಡಿದು ಹೊಲದಲ್ಲಿ ಸಾಲುಸಾಲಾಗಿ ನಡೆಯಬೇಕು. ಬಾಯ್ಲರ್ ಮತ್ತು ಇಂಜಿನ್‌ಗಳ ಕಬ್ಬಿಣ ಭೂಮಿಯ ಕಾಂತಕ್ಷೇತ್ರವನ್ನು ಕದಡುವುದರಿಂದ ಉಪಕರಣದ ಮುಳ್ಳು ಅಲುಗುತ್ತದೆ. ಕಡೆಗೆ ನೆಲ ಕೊರೆದು ಮರದ ಚೂರು ಬರುತ್ತದೆಯೇ ಎಂದು ನೋಡುವುದು.

ಅರೇಬಿಯಾ ಮತ್ತು ಹೇಸರಗತ್ತೆ

ಈ ವಿಧಾನದ ಪ್ರಸಿದ್ಧ ಫಲ 'ಅರೇಬಿಯಾ'. 1856ರ ಸೆಪ್ಟೆಂಬರ್ 5ರಂದು ಮಿಸೌರಿ ರಾಜ್ಯದ ಪಾರ್ಕ್‌ವಿಲ್ ಬಳಿ ಬೊಡ್ಡೆಯೊಂದಕ್ಕೆ ತಾಗಿ ಈ ದೋಣಿ ನಿಮಿಷಗಳಲ್ಲಿ ಮುಳುಗಿತು. ಪ್ರಯಾಣಿಕರೆಲ್ಲ ಬದುಕಿದರು, ಸತ್ತದ್ದು ಒಂದು ಹೇಸರಗತ್ತೆ ಮಾತ್ರ. ದೋಣಿಯಲ್ಲಿ ವಿಸ್ಕಿ ಪೀಪಾಯಿಗಳಿವೆ ಎಂಬ ವದಂತಿಯಿಂದ 1877ರಿಂದಲೇ ಅಗೆತಗಳು ನಡೆದು ವಿಫಲವಾಗಿದ್ದವು. ಕಾರಣ ಅಂತರ್ಜಲ. ಹೊಂಡ ತೋಡಿದಷ್ಟೂ ನೀರು ತುಂಬುತ್ತಿತ್ತು.

ಬಾಬ್ ಹಾಲೆ, ಅವರ ಮಕ್ಕಳಾದ ಡೇವಿಡ್ ಮತ್ತು ಗ್ರೆಗ್ ಹಾಗೂ ಗೆಳೆಯರು 1987ರಲ್ಲಿ ಕ್ಯಾನ್ಸಸ್‌ನ ಹೊಲವೊಂದರಲ್ಲಿ ಅದನ್ನು ಪತ್ತೆಹಚ್ಚಿದರು. ಸ್ಥಳ ಇಂದಿನ ನದಿಯಿಂದ ಸುಮಾರು 800 ಮೀಟರ್ ದೂರ. ಆಳ ಸುಮಾರು 14 ಮೀಟರ್. ಬೆಳೆಗೆ ಧಕ್ಕೆಯಾಗದಂತೆ ಚಳಿಗಾಲದಲ್ಲೇ, ಅಂದರೆ 1988ರ ನವೆಂಬರ್‌ನಿಂದ 1989ರ ಫೆಬ್ರುವರಿವರೆಗೆ, ಸುತ್ತಲೂ ಬಾವಿ ಕೊರೆದು ಹಗಲಿರುಳು ನೀರೆತ್ತುತ್ತ ಅಗೆದರು. ವಿಸ್ಕಿಯ ಪೀಪಾಯಿಗಳು ಸಿಗಲಿಲ್ಲ. ಸಿಕ್ಕಿದ್ದು ಗಡಿಪ್ರದೇಶದ ಅಂಗಡಿಗಳಿಗೆ ಹೊರಟಿದ್ದ ಸರಕು: ಸಾವಿರಾರು ಪಾದರಕ್ಷೆಗಳು, ಪಿಂಗಾಣಿ, ಗುಂಡಿ, ಮಣಿ, ಬಂದೂಕು, ಸುಗಂಧದ್ರವ್ಯ, ಹಸಿರು ಬಣ್ಣ ಮಾಸದ ಉಪ್ಪಿನಕಾಯಿ. ಗಾಳಿ ತಾಗದ ಕೆಸರು ಇವನ್ನು 132 ವರ್ಷ ಕಾದಿತ್ತು.

ಹಠಮಾರಿ ಪ್ರಾಣಿ ಕದಲಲಿಲ್ಲ ಎಂದು ಹೇಸರಗತ್ತೆಯ ಒಡೆಯ ಹೇಳಿದನೆಂಬ ಕಥೆ ಪ್ರಚಲಿತವಾಗಿತ್ತು. ಅಗೆದಾಗ ಅದರ ಅಸ್ಥಿಪಂಜರ ಕಟ್ಟಿದ ಸ್ಥಿತಿಯಲ್ಲೇ ಸಿಕ್ಕಿತು.

ಮಾರಿ ಲಾಭ ಮಾಡುವ ಉದ್ದೇಶದಿಂದ ಹೊರಟ ಹಾಲೆ ಕುಟುಂಬ ವಸ್ತುಗಳನ್ನು ಕಂಡ ಮೇಲೆ ಮನಸ್ಸು ಬದಲಿಸಿತು. ಸಂಗ್ರಹವನ್ನು ಒಡೆಯದೆ 1991ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಸಂಗ್ರಹಾಲಯ ತೆರೆಯಿತು. ನಿಜವಾದ ಹೊರೆ ಆರಂಭವಾದದ್ದು ಆಗಲೇ. ನೆನೆದ ಚರ್ಮ ಮತ್ತು ಮರ ಗಾಳಿಗೆ ಒಣಗಿದರೆ ಮುರುಟಿ ಹಾಳಾಗುತ್ತವೆ. ನಾಲ್ಕು ತಿಂಗಳ ಅಗೆತ ದಶಕಗಳ ಸಂರಕ್ಷಣೆಯನ್ನು ಹೆಗಲಿಗೆ ಹಾಕಿತು.

ಯಾರ ಸೊತ್ತು?

'ಬರ್ಟ್ರಂಡ್' ದೋಣಿಯ ಕಥೆ ಬೇರೆ ಬಗೆಯದು. ಮೊಂಟಾನಾದ ಗಣಿಪ್ರದೇಶಕ್ಕೆ ಹೊರಟಿದ್ದ ಅದು 1865ರ ಏಪ್ರಿಲ್ 1ರಂದು ನೆಬ್ರಾಸ್ಕಾದ ಬಳಿ ಮುಳುಗಿತ್ತು. ಚಿನ್ನ, ಪಾದರಸದ ಆಸೆಯಿಂದ ಜೆಸ್ಸಿ ಪರ್ಸೆಲ್ ಮತ್ತು ಸ್ಯಾಮ್ ಕಾರ್ಬಿನೊ 1968ರಲ್ಲಿ ಅದನ್ನು ಕಂಡುಹಿಡಿದರು. ಆದರೆ ಆ ನೆಲ ಡಿಸೋಟೊ ವನ್ಯಜೀವಿ ಧಾಮಕ್ಕೆ ಸೇರಿತ್ತು. ಒಪ್ಪಂದದಂತೆ ನಿಧಿಯಲ್ಲಿ ಶೋಧಕರಿಗೆ ಪಾಲು, ಉಳಿದುದೆಲ್ಲ ಸರ್ಕಾರಕ್ಕೆ. ನಿಧಿಯೆಂದು ಸಿಕ್ಕಿದ್ದು ಪಾದರಸದ ಕೆಲವೇ ಪಾತ್ರೆಗಳು. 'ಉಳಿದುದು' ಮಾತ್ರ ಎರಡು ಲಕ್ಷಕ್ಕೂ ಮೀರಿದ ವಸ್ತುಗಳು. ವಿದ್ವಾಂಸರಿಗೆ ಇದೇ ನಿಜವಾದ ನಿಧಿ ಎಂಬುದರಲ್ಲಿ ಸಂಶಯವಿಲ್ಲ. 2011ರ ಮಹಾಪೂರದಲ್ಲಿ ಇಡೀ ಸಂಗ್ರಹವನ್ನು ಧಾಮದಿಂದ ಬೇರೆಡೆಗೆ ಸಾಗಿಸಬೇಕಾಯಿತು.

ಪರಿತ್ಯಕ್ತ ನೌಕೆಗಳ ಕುರಿತ 1987ರ ಅಮೆರಿಕದ ಕಾಯಿದೆ ರಾಜ್ಯಗಳ ಜಲತಳದಲ್ಲಿ ಹೂತ ನೌಕೆಗಳ ಹಕ್ಕನ್ನು ಆಯಾ ರಾಜ್ಯಕ್ಕೆ ಕೊಡುತ್ತದೆ. ನದಿ ಸರಿದು ದೋಣಿ ಖಾಸಗಿ ಹೊಲದ ಕೆಳಗೆ ಉಳಿದರೆ ರೈತನ ಒಪ್ಪಿಗೆಯೇ ಮುಖ್ಯವಾಗುತ್ತದೆ. ಹೀಗಾಗಿ ಒಂದೇ ನದಿಯ ಎರಡು ದೋಣಿಗಳ ಭವಿಷ್ಯವನ್ನು ನದಿ ಯಾವ ಕಡೆಗೆ ಹೊರಳಿತು ಎಂಬುದು ನಿರ್ಧರಿಸಬಹುದು.

ಹೆಸರಿಲ್ಲದ ಮೃತರು

ಸರಕಿನ ಲೆಕ್ಕ ಸಿಕ್ಕಷ್ಟು ಸುಲಭವಾಗಿ ಮನುಷ್ಯರ ಲೆಕ್ಕ ಸಿಗುವುದಿಲ್ಲ. ಸರಕಿಗೆ ವಿಮೆ ಇತ್ತು, ರಸೀದಿ ಇತ್ತು. ಕೆಳ ಅಟ್ಟದ ಬಡ ಪ್ರಯಾಣಿಕರ ಹೆಸರು ಬರೆದಿಡುವ ರೂಢಿ ಇರಲಿಲ್ಲ. 1852ರ ಏಪ್ರಿಲ್ 9ರಂದು ಲೆಕ್ಸಿಂಗ್ಟನ್‌ನಲ್ಲಿ ಬಾಯ್ಲರ್ ಸಿಡಿದ 'ಸಲೂಡಾ' ದೋಣಿಯಲ್ಲಿ ಪಶ್ಚಿಮಕ್ಕೆ ವಲಸೆ ಹೊರಟಿದ್ದ ಅನೇಕ ಮಾರ್ಮನ್ ಕುಟುಂಬಗಳಿದ್ದವು. ಪ್ರಬಲ ಪ್ರವಾಹದ ವಿರುದ್ಧ ಹೋಗಲು ಹಬೆಯ ಒತ್ತಡ ಹೆಚ್ಚಿಸಿದ ಕ್ಯಾಪ್ಟನ್ ಫ್ರಾನ್ಸಿಸ್ ಬೆಲ್ಟ್ ಕೂಡ ಮಡಿದರು. ಅನಾಥರಾದ ಕೆಲವು ಮಕ್ಕಳನ್ನು ಊರಿನವರೇ ಸಾಕಿದರು. ಸತ್ತವರ ಸಂಖ್ಯೆ ಮಾತ್ರ ಮೂಲದಿಂದ ಮೂಲಕ್ಕೆ ಬೇರೆ. ಅದನ್ನು ತಿದ್ದಲು ಅಗೆತ ನೆರವಾಗದು. ಕುಟುಂಬಗಳ ಪತ್ರ, ದಿನಚರಿ, ಚರ್ಚ್ ದಾಖಲೆಗಳನ್ನು ಒಂದೊಂದಾಗಿ ಹೊಂದಿಸಬೇಕಾಗುತ್ತದೆ.

ಎಲ್ಲ ದೋಣಿಗಳನ್ನೂ ಮೇಲೆತ್ತಬೇಕಾಗಿಲ್ಲ ಎಂಬ ನಿಲುವೂ ಇದೆ. 1879ರಲ್ಲಿ ಕಟ್ಟಿದ ಬೃಹತ್ ದೋಣಿ 'ಮೊಂಟಾನಾ' 1884ರಲ್ಲಿ ಸೇಂಟ್ ಚಾರ್ಲ್ಸ್‌ನ ರೈಲು ಸೇತುವೆಗೆ ಬಡಿದು ಮುಳುಗಿತ್ತು. ನೀರು ಬಹಳ ಇಳಿದಾಗ ಅದರ ಅವಶೇಷ ಕಾಣಿಸುತ್ತದೆ. 2002ರಲ್ಲಿ ಈಸ್ಟ್ ಕೆರೊಲಿನಾ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರು ಇದ್ದಲ್ಲೇ ಅದನ್ನು ಅಳೆದು ದಾಖಲಿಸಿದರು. ಅಧ್ಯಯನ 2008ರಲ್ಲಿ ಪುಸ್ತಕವಾಗಿ ಹೊರಬಂದಿತು.