ರೋವರ್ಸ್ ಕಪ್ ಮತ್ತು ಎರಡು ರಾಜಧಾನಿಗಳು

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಜಾತ್ರೆಗಳಲ್ಲಿ ತೇರು ಎಳೆದ ಮರುದಿನ ಕುಸ್ತಿ ಕಣದ ಸುತ್ತ ಜನ ಸೇರುತ್ತಾರೆ. ಸೋತ ಪೈಲ್ವಾನ ಮೈಗೆ ಹತ್ತಿದ ಮಣ್ಣು ಕೊಡವಿಕೊಂಡು ಊರಿನ ದಾರಿ ಹಿಡಿಯುತ್ತಾನೆ. ಕೊನೆಯವರೆಗೆ ನಿಂತವನಿಗೆ ಬೆಳ್ಳಿ ಕಡಗ. ಪೇಟೆಯವರು ‘ನಾಕೌಟ್’ ಎಂದು ಕರೆಯುವ ಪಂದ್ಯಾವಳಿಯ ಗುಟ್ಟೂ ಇಷ್ಟೇ. ಲೀಗ್ ಪಂದ್ಯಾವಳಿಯಲ್ಲಿ ಇಂದು ಸೋತರೆ ನಾಳೆ ಸರಿಮಾಡಿಕೊಳ್ಳಬಹುದು. ನಾಕೌಟ್‌ನಲ್ಲಿ ನಾಳೆ ಎಂಬುದೇ ಇಲ್ಲ.

ಭಾರತದ ಫುಟ್ಬಾಲ್ ಬಹುಕಾಲ ಬೆಳೆದದ್ದು ಇಂಥ ಕಪ್‌ಗಳ ನೆರಳಿನಲ್ಲಿ. ಸಿಮ್ಲಾದಲ್ಲಿ 1888ರಲ್ಲಿ ಡ್ಯುರಾಂಡ್ ಕಪ್ ಆರಂಭವಾಯಿತು. 1891ರಲ್ಲಿ ಮುಂಬಯಿಯ ರೋವರ್ಸ್ ಕಪ್. ಮೊದಮೊದಲು ಇವೆಲ್ಲ ಗೋರಾ ಪಲ್ಟನ್‌ಗಳ ಆಟಗಳು. 1911ರಲ್ಲಿ ಮೋಹನ್ ಬಾಗಾನ್ ತಂಡ ಬರಿಗಾಲಲ್ಲಿ ಆಡಿ ಐ.ಎಫ್.ಎ. ಶೀಲ್ಡ್ ಗೆದ್ದ ಕಥೆಯನ್ನು ಕಲ್ಕತ್ತೆಯವರು ಇಂದಿಗೂ ಹಾಡಿ ಹೊಗಳುತ್ತಾರೆ. ಆದರೆ ರೋವರ್ಸ್ ಕಪ್ಪನ್ನು ಪಲ್ಟನ್‌ಗಳ ಕೈಯಿಂದ ಕಿತ್ತುಕೊಂಡ ಮೊದಲ ಭಾರತೀಯ ತಂಡ ಕನ್ನಡನಾಡಿನದು ಎಂಬುದನ್ನು ಕನ್ನಡಿಗರೇ ಮರೆತಿದ್ದಾರೆ. 1937ರಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ತಂಡ ಫೈನಲ್‌ನಲ್ಲಿ ಕಲ್ಕತ್ತೆಯ ಮಹಮದನ್ ಸ್ಪೋರ್ಟಿಂಗನ್ನು ಸೋಲಿಸಿತು. ಆ ಹೊತ್ತಿಗೆ ಮಹಮದನ್ ಸ್ಪೋರ್ಟಿಂಗ್ ಕಲ್ಕತ್ತಾ ಲೀಗನ್ನು ಸತತವಾಗಿ ಗೆಲ್ಲುತ್ತ ಬಂದಿದ್ದ ತಂಡ. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು.

ಆದರೆ ಆಗ ಆಳಂದದ ಹುಡುಗನಿಗೆ ಬೆಂಗಳೂರು ಪರಸ್ಥಳ. ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು ನಿಜಾಮರ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆ ಉರ್ದು, ದೊಡ್ಡ ಓದಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯ, ನೌಕರಿಗೂ ಹೈದರಾಬಾದೇ. ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳಿಗೆ ರೈಲು ಇರಲಿಲ್ಲವಾದರೂ ಹೈದರಾಬಾದಿನಿಂದ ಮುಂಬಯಿಗೆ ಹೋಗುವ ದೊಡ್ಡ ಹಳಿ ವಾಡಿಯಲ್ಲಿ ತಿರುಗಿ, ಗುಲಬರ್ಗಾ ದಾಟಿ, ದತ್ತಾತ್ರೇಯನ ಭಕ್ತರು ಇಳಿಯುವ ಗಾಣಗಾಪುರ ರೋಡ್ ನಿಲ್ದಾಣದ ಮೇಲೆಯೇ ಸೊಲ್ಲಾಪುರದ ಕಡೆಗೆ ಸಾಗುತ್ತದೆ. ರೋವರ್ಸ್ ಕಪ್ ಆಡಲು ಹೊರಟ ಹೈದರಾಬಾದಿಗರಿಗೆ ಮುಂಬಯಿಯ ರೈಲುದಾರಿ ಈ ಕನ್ನಡ ನೆಲದ ಮೇಲೆ ಹಾದಿತ್ತು.

ಆ ಹೈದರಾಬಾದಿಗರಲ್ಲಿ ಮೊದಲಿಗರು ‘ಹೈದರಾಬಾದ್ ಸಿಟಿ ಪೊಲೀಸ್’ ತಂಡದವರು. ಇವರ ಹೆಸರು ಸಂಸ್ಥಾನದ ಗಡಿ ದಾಟಿ ಕೇಳಿಬಂದದ್ದು ವಿಚಿತ್ರವೆಂದರೆ ಬೆಂಗಳೂರಿನಲ್ಲೇ. 1943ರ ಆಶ್ ಗೋಲ್ಡ್ ಕಪ್ ಫೈನಲ್‌ನಲ್ಲಿ ಇವರ ಎದುರಿಗಿದ್ದದ್ದು ರಾಯಲ್ ಏರ್ ಫೋರ್ಸ್ ತಂಡ. ಅದರಲ್ಲಿ ಇಂಗ್ಲೆಂಡಿನ ಹೆಸರಾಂತ ಕ್ರಿಕೆಟಿಗ, ಆರ್ಸೆನಲ್ ಕ್ಲಬ್ಬಿನ ಫುಟ್ಬಾಲ್ ಆಟಗಾರನೂ ಆಗಿದ್ದ ಡೆನಿಸ್ ಕಾಂಪ್ಟನ್ ಇದ್ದ. ಯುದ್ಧಕಾಲದ ಸೇವೆಗಾಗಿ ಭಾರತಕ್ಕೆ ಬಂದಿದ್ದವನು. ಪೊಲೀಸರು ಅವನ ತಂಡವನ್ನು ಸೋಲಿಸಿದರು.

ಅದೇ ವರ್ಷ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದವರು ಸೈಯದ್ ಅಬ್ದುಲ್ ರಹೀಮ್. ವೃತ್ತಿಯಿಂದ ಶಾಲಾ ಮಾಸ್ತರರು. ಆಟಗಾರರ ಪಾಲಿಗೆ ಕಡೆಯವರೆಗೂ ‘ರಹೀಮ್ ಸಾಬ್’. ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಒಬ್ಬನೇ ಓಡುವ ಚಪಲ ನಮ್ಮವರಿಗೆ ಜಾಸ್ತಿ ಎಂದು ಕಂಡುಕೊಂಡ ಅವರು, ಡ್ರಿಬ್ಲಿಂಗ್ ಮಾಡಲೇಬಾರದೆಂಬ ಪಂದ್ಯಗಳನ್ನು ನಡೆಸಿದರು. ಬಲಗಾಲಿನವನು ಎಡಗಾಲಲ್ಲಿಯೇ ಒದೆಯಬೇಕೆಂಬ ಪಂದ್ಯಗಳನ್ನೂ ನಡೆಸಿದರು. ಎಡಗೈಯಲ್ಲಿ ಬರೆಸುವ ಮಾಸ್ತರರಂತೆ! ಪರಿಣಾಮ ಮಾತ್ರ ತಮಾಷೆಯದಾಗಿರಲಿಲ್ಲ. ಸಣ್ಣ ಸಣ್ಣ ಪಾಸ್‌ಗಳಲ್ಲಿ ಚೆಂಡು ಕಾಲಿನಿಂದ ಕಾಲಿಗೆ ಹರಿಯುವ ಆಟವೊಂದು ಹೈದರಾಬಾದಿನಲ್ಲಿ ರೂಪುಗೊಂಡಿತು.

ನಡುವೆ ಬಂದದ್ದು 1948. ರಜಾಕಾರರ ಹಾವಳಿ, ಊರು ಬಿಟ್ಟು ಗಡಿಯಾಚೆಗೆ ಓಡಿದ ಜನ, ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆ, ಅದರ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಸೇಡಿನ ಹಿಂಸೆ. ಎರಡೂ ಗಾಯಗಳನ್ನು ಗುಲಬರ್ಗಾ ಜಿಲ್ಲೆ ಉಂಡಿದೆ. ‘ಪೊಲೀಸ್’ ಎಂಬ ಪದಕ್ಕೆ ಆ ದಿನಗಳಲ್ಲಿ ಇದ್ದ ಭಾರವನ್ನು ನೆನೆದರೆ, ಎರಡೇ ವರ್ಷದಲ್ಲಿ ಅದೇ ಸಂಸ್ಥಾನದ ಪೊಲೀಸ್ ತಂಡವೊಂದು ದೇಶದ ಮೈದಾನಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದು ಸಣ್ಣ ಮಾತಲ್ಲ. ಆ ತಂಡದಲ್ಲಿ ಮುಸ್ಲಿಮರೂ ಕ್ರೈಸ್ತರೂ ಒಟ್ಟಿಗೆ ಆಡಿದರು. ಸೋತ ಸಂಸ್ಥಾನಕ್ಕೆ ಭಾರತದೊಳಗೆ ತಲೆಯೆತ್ತಿ ನಿಲ್ಲಲು ಸಿಕ್ಕ ಮೊದಲ ಜಾಗಗಳಲ್ಲಿ ಫುಟ್ಬಾಲ್ ಮೈದಾನವೂ ಒಂದು.

1950ರ ಋತು ಆ ತಂಡದ ಬಂಗಾರದ ಋತು. ರೋವರ್ಸ್ ಕಪ್ ಫೈನಲ್‌ನಲ್ಲಿ ಹೈದರಾಬಾದ್ ಸಿಟಿ ಪೊಲೀಸರಿಗೆ ಎದುರಾದದ್ದು ಬೆಂಗಳೂರಿನ ಆರ್ಯನ್ ಜಿಮಖಾನಾ. ಅದೇ ಜನವರಿ 26ರಂದು ಗಣರಾಜ್ಯವಾದ ದೇಶದಲ್ಲಿ ಮೈಸೂರು, ಹೈದರಾಬಾದ್ ಎರಡೂ ‘ಬಿ’ ದರ್ಜೆಯ ರಾಜ್ಯಗಳು; ಅಲ್ಲಿ ಜಯಚಾಮರಾಜ ಒಡೆಯರು ರಾಜಪ್ರಮುಖರು, ಇಲ್ಲಿ ನಿಜಾಮರು. ಅಫಜಲಪುರದವನಿಗೆ ಅಂದು ಯಾರು ತನ್ನವರು? ಆಡಳಿತ ಕೇಳಿದರೆ ಹೈದರಾಬಾದಿನವರು. ಮನೆಮಾತು ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ. ಏಕೀಕರಣದ ಮಾತು ಆಗಲೇ ಎಲ್ಲೆಡೆ ನಡೆದಿತ್ತು. ಕಪ್ ಗೆದ್ದವರು ಪೊಲೀಸರು.

ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಋತುವಿನಲ್ಲಿ ದೆಹಲಿಯ ಡ್ಯುರಾಂಡ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರಾಯಿತು. ಮೊದಲ ಪಂದ್ಯ ಸಮವಾಗಿ, ಮರುಪಂದ್ಯದಲ್ಲಿ ಪೊಲೀಸರು ಗೆದ್ದರು. ಮುಂದೆ ರೋವರ್ಸ್ ಕಪ್ 1954ರವರೆಗೆ ಹೈದರಾಬಾದ್ ಬಿಟ್ಟು ಕದಲಲಿಲ್ಲ. ಸತತ ಐದು ವರ್ಷ. ಒಂದು ಕೆಟ್ಟ ಮಧ್ಯಾಹ್ನ, ಒಂದು ಜಾರಿದ ಕಾಲು ಇಡೀ ವರ್ಷವನ್ನು ಹಾಳುಮಾಡಬಲ್ಲ ನಾಕೌಟ್‌ನಲ್ಲಿ ಐದು ವರ್ಷ ಒಂದೂ ಪಂದ್ಯ ಕೈಬಿಡದಿರುವುದೆಂದರೆ ಅದಕ್ಕೆ ಅದೃಷ್ಟ ಸಾಲದು. ಇದರ ಯಶಸ್ಸಿನ ದೊಡ್ಡ ಪಾಲು ಆ ಎಡಗಾಲಿನ ಪಾಠಗಳದೇ.

ಮುಂಬಯಿಯಲ್ಲಿ ಎದುರಾಳಿಗಳಾಗಿದ್ದ ಎರಡು ಊರುಗಳ ಆಟಗಾರರು ದೇಶದ ತಂಡದಲ್ಲಿ ಜೊತೆಗೂಡಿದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ರಹೀಮ್ ತರಬೇತುದಾರರು. ಪೊಲೀಸ್ ತಂಡದ ನೂರ್ ಮಹಮದ್, ಅಜೀಜುದ್ದೀನ್, ಮೊಯಿನುದ್ದೀನ್ ಆಡಲು ಹೋದವರು. ಯುಗೊಸ್ಲಾವಿಯ ಭಾರತವನ್ನು 10-1ರಿಂದ ಬಡಿಯಿತು. ಭಾರತದ ಆ ಏಕೈಕ ಗೋಲು ಬೆಂಗಳೂರಿನ ಅಹಮದ್ ಖಾನ್ ಅವರದು. ಬರಿಗಾಲಿನ ಫುಟ್ಬಾಲಿಗೆ ಆ ಸೋಲಿನೊಂದಿಗೆ ತೆರೆ ಬಿತ್ತು. ಹತ್ತು ವರ್ಷದ ನಂತರ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ರಹೀಮರ ತಂಡ ದಕ್ಷಿಣ ಕೊರಿಯಾವನ್ನು 2-1ರಿಂದ ಮಣಿಸಿ ಚಿನ್ನ ಗೆದ್ದಿತು. ಆಗಲೇ ಕ್ಯಾನ್ಸರ್ ಅವರನ್ನು ಹಿಡಿದಿತ್ತು; 1963ರ ಜೂನ್‌ನಲ್ಲಿ ತೀರಿಕೊಂಡರು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಆಳಂದ, ಅಫಜಲಪುರ, ಜೇವರ್ಗಿ ಸೇರಿದ ಗುಲಬರ್ಗಾ ಜಿಲ್ಲೆ ಮೈಸೂರಿಗೆ ಬಂತು. ಕೋರ್ಟು, ಕಚೇರಿ, ನೌಕರಿಗೆ ಇನ್ನು ಬೆಂಗಳೂರಿನ ದಾರಿ. ಆದರೆ ಆಟದ ಮೈದಾನಕ್ಕೆ ಹೊಸ ನಕ್ಷೆ ತಲುಪಲು ತಡವಾಯಿತು. ರಾಜ್ಯವೇ ಇಲ್ಲವಾದ ಮೇಲೂ 1957-58ರ ಸಂತೋಷ್ ಟ್ರೋಫಿಯನ್ನು ‘ಹೈದರಾಬಾದ್’ ಎಂಬ ಹೆಸರಿನ ತಂಡವೇ ಗೆದ್ದಿತು. 1957ರ ರೋವರ್ಸ್ ಕಪ್ಪೂ ಸಿಟಿ ಪೊಲೀಸರ ಪಾಲಾಯಿತು. ಮುಂದೆ ಆ ತಂಡ ಆಂಧ್ರ ಪೊಲೀಸ್ ಆಯಿತು. ರೋವರ್ಸ್ ಕಪ್ 2001ರ ಹೊತ್ತಿಗೆ ನಿಂತೇಹೋಯಿತು.

ಮೈಸೂರು ತಂಡ 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಾಗ ಗುಲಬರ್ಗಾದವರೂ ಆ ರಾಜ್ಯದ ಪ್ರಜೆಗಳಾಗಿದ್ದರು. ಮುಂದಿನ ಗೆಲುವಿಗೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಅಷ್ಟರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಗಿ, ಗುಲಬರ್ಗಾ ಕಲಬುರಗಿಯಾಗಿ, ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಗಿತ್ತು.